ಸರ್ಕಾರದ ಕೊರತೆ, ಸಾಲ: ಯಾರ್ದು ಎಷ್ಟು, ಯಾರನ್ನ ಏನ್ ಕೇಳ್ಬೇಕು? ಕೊಡಗಿನವ್ರಿಗೆ ಒಂದು ಗೈಡ್

ಬಜೆಟ್ ಮಂಡನೆ ಆದ ಮಾರನೇ ದಿನ ಊರಿನ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಬಂದೇ ಬರುತ್ತೆ, ಪ್ರತಿಯೊಬ್ಬ ಕನ್ನಡಿಗನ ತಲೆ ಮೇಲೆ ಒಂದು ಲಕ್ಷಕ್ಕೂ ಮೇಲೆ ಸಾಲ ಇದೆ ಅಂತ. ಲೆಕ್ಕ ಏನೋ ಸರಿನೇ, 2025-26ರ ಬಜೆಟ್ ಪ್ರಕಾರ ವರ್ಷದ ಕೊನೆಗೆ ರಾಜ್ಯದ ಒಟ್ಟು ಹೊಣೆಗಾರಿಕೆ, ಅಂದ್ರೆ ತೀರಿಸ್ಬೇಕಾದ ಸಾಲ ಎಲ್ಲಾ ಸೇರಿ, 7,64,655 ಕೋಟಿ, ಅದನ್ನ ಏಳು ಕೋಟಿ ಜನಕ್ಕೆ ಭಾಗಿಸಿದ್ರೆ ಹತ್ತಿರ ಹತ್ತಿರ ಅಷ್ಟೇ ಬರುತ್ತೆ. ಆದ್ರೆ ಈ ನಂಬರ್ ಇಟ್ಕೊಂಡು ಏನೂ ಮಾಡಕ್ಕಾಗಲ್ಲ. ಸಾಲ ಯಾತಕ್ಕೆ ತಗೊಂಡ್ರು, ಯಾವ ಬಡ್ಡಿಗೆ, ತೀರಿಸೋ ಶಕ್ತಿ ಎಷ್ಟಿದೆ, ಇದ್ಯಾವ್ದೂ ಅದ್ರೊಳಗಿಲ್ಲ. ಜೊತೆಗೆ ನಮ್ಮಲ್ಲಿ ಇನ್ನೊಂದು ತಮಾಷೆ, ಗೋಣಿಕೊಪ್ಪದ ರಸ್ತೆ ಗುಂಡಿಗೆ ದಿಲ್ಲಿಯವ್ರನ್ನ ಬೈತೀವಿ, ಪೆಟ್ರೋಲ್ ಮೇಲಿನ ಸೆಸ್‌ಗೆ ಬೆಂಗಳೂರಿನವ್ರನ್ನ ಬೈತೀವಿ, ಪಾಪದ ಪಿಡಿಒ ಮಾತ್ರ ಎರಡಕ್ಕೂ ಬೈಸ್ಕೊಳ್ತಾರೆ.

ನಂಗನ್ಸೋದು ಇಷ್ಟು. ದೇಶದಲ್ಲಿ ಖರ್ಚು ಮಾಡೋ ಕೈ ಒಂದು, ತೆರಿಗೆ ವಸೂಲಿ ಮಾಡೋ ಕೈ ಇನ್ನೊಂದು ಇರೋವಾಗ, ಕೊರತೆ ಅಂದ ಕೂಡ್ಲೇ ಕೇಳ್ಬೇಕಾದ ಪ್ರಶ್ನೆ ಎರಡೇ, ಯಾವ ಕೊರತೆ ಮತ್ತೆ ಯಾರ ಕೊರತೆ. ಇವೆರಡು ಕ್ಲಿಯರ್ ಆದ್ರೆ ಬೈಗುಳನೂ ಸರಿಯಾದ ವಿಳಾಸಕ್ಕೆ ಹೋಗುತ್ತೆ. ಉದಾಹರಣೆಗೆ ನಾನು 2025ರ ಮಾರ್ಚ್ 7ಕ್ಕೆ ಸಿದ್ದರಾಮಯ್ಯ ಮಂಡಿಸಿದ ರಾಜ್ಯ ಬಜೆಟ್ ತಗೊಂಡಿದೀನಿ, ನೀವು ಯಾವ ವರ್ಷದ್ದು ತಗೊಂಡ್ರೂ ಓದೋ ರೀತಿ ಇದೇ.

ಮೊದ್ಲು ಒಂದು ಪೇಜ್ ಲೆಕ್ಕ

ಹಣಕಾಸು ಇಲಾಖೆ ವೆಬ್‌ಸೈಟಲ್ಲಿ ಬಜೆಟ್ ಭಾಷಣ, ಬಜೆಟ್ ಅವಲೋಕನ, ಮಧ್ಯಮಾವಧಿ ವಿತ್ತೀಯ ಯೋಜನೆ ಎಲ್ಲಾ ಪಿಡಿಎಫ್ ಸಿಗುತ್ತೆ. ಭಾಷಣ ಓದೋಕೆ ಹೋಗ್ಬೇಡಿ, ಅದ್ರಲ್ಲಿ ಮೊದಲರ್ಧ ಕವಿವಾಣಿ, ಉಳಿದರ್ಧ ಘೋಷಣೆ. ಕೊನೇ ಪುಟಗಳಲ್ಲಿ ಒಟ್ಟು ಲೆಕ್ಕ ಇರುತ್ತೆ, ಅಲ್ಲಿಗೇ ಹೋಗಿ. ಒಂದು ಪೇಪರ್ ಪೆನ್ ಇಟ್ಕೊಳ್ಳಿ.

ಒಟ್ಟು ಗಾತ್ರ 4,09,549 ಕೋಟಿ. ಅದು ಮೂರು ಭಾಗ: ರಾಜಸ್ವ ವೆಚ್ಚ 3,11,739 ಕೋಟಿ, ಬಂಡವಾಳ ವೆಚ್ಚ (ಕಟ್ಟಡ, ರಸ್ತೆ ಥರ ಆಸ್ತಿ ಮಾಡೋ ಖರ್ಚು) 71,336 ಕೋಟಿ, ಹಳೇ ಸಾಲದ ಅಸಲು ಮರುಪಾವತಿ 26,474 ಕೋಟಿ. ಈಗ ಬರೋ ದುಡ್ಡು, ಅಂದ್ರೆ ತೆರಿಗೆ, ಕೇಂದ್ರದ ಪಾಲು, ಅನುದಾನ, ಶುಲ್ಕ ಎಲ್ಲಾ ಸೇರಿ ರಾಜಸ್ವ ಸ್ವೀಕೃತಿ 2,92,477 ಕೋಟಿ. 3,11,739ರಲ್ಲಿ 2,92,477 ಕಳೀರಿ, 19,262 ಕೋಟಿ. ಇದು ರಾಜಸ್ವ ಕೊರತೆ, ಅಂದ್ರೆ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಇಂಥ ದಿನನಿತ್ಯದ ಖರ್ಚಿಗೇ ವರ್ಷದ ಆದಾಯ ಸಾಕಾಗ್ಲಿಲ್ಲ ಅಂತ ಅರ್ಥ. ಆಮೇಲೆ ಅದಕ್ಕೆ ಬಂಡವಾಳ ವೆಚ್ಚ ಸೇರಿಸಿ, ಸಾಲ ಅಲ್ಲದ ಚೂರುಪಾರು ಬಂಡವಾಳ ಸ್ವೀಕೃತಿ ಕಳೆದ್ರೆ 90,428 ಕೋಟಿ ಬರುತ್ತೆ. ಇದು ವಿತ್ತೀಯ ಕೊರತೆ, ಆ ವರ್ಷ ಹೊಸದಾಗಿ ಹೊರೆ ಎಷ್ಟು ಏರುತ್ತೆ ಅನ್ನೋದು. ಅಸಲು ಮರುಪಾವತಿನ ಇದ್ರಲ್ಲಿ ಸೇರ್ಸಲ್ಲ, ಯಾಕಂದ್ರೆ ಹಳೇದನ್ನ ತೀರಿಸೋಕೆ ಹೊಸದು ತಗೊಂಡ್ರೆ ಹೊರೆ ಇದ್ದಷ್ಟೇ ಇರುತ್ತೆ. ಅದಕ್ಕೇ ಆ ವರ್ಷ ಒಟ್ಟು 1,16,000 ಕೋಟಿ ಸಾಲ ಎತ್ತೋ ಯೋಜನೆ ಇದ್ರೂ ಕೊರತೆ ಅದಕ್ಕಿಂತ ಕಮ್ಮಿ. ಪೇಪರ್‌ನಲ್ಲಿ ಒಬ್ರು 90 ಸಾವಿರ ಕೋಟಿ ಅಂತ, ಇನ್ನೊಬ್ರು 1 ಲಕ್ಷ 16 ಸಾವಿರ ಕೋಟಿ ಅಂತ ಬರೆದ್ರೆ ಇಬ್ರೂ ಸುಳ್ಳು ಹೇಳ್ತಿಲ್ಲ.

ಮೂರನೇದು ಪ್ರಾಥಮಿಕ ಕೊರತೆ, ವಿತ್ತೀಯ ಕೊರತೆಯಲ್ಲಿ ಬಡ್ಡಿ ಕಳೆದು ಉಳಿಯೋದು. ಇದು ಕೇಂದ್ರದ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತೆ. 2025-26ರ ಕೇಂದ್ರ ಬಜೆಟ್ ಗಾತ್ರ 50.65 ಲಕ್ಷ ಕೋಟಿ, ವಿತ್ತೀಯ ಕೊರತೆ 15.69 ಲಕ್ಷ ಕೋಟಿ, ಅದೇ ವರ್ಷ ಕಟ್ಬೇಕಾದ ಬಡ್ಡಿ 12.76 ಲಕ್ಷ ಕೋಟಿ. ಅಂದ್ರೆ ಹೊಸದಾಗಿ ಮಾಡೋ ಸಾಲದಲ್ಲಿ ಬಹುಪಾಲು ಹಿಂದಿನ ವರ್ಷಗಳಲ್ಲಿ ಮಾಡಿಟ್ಟ ಸಾಲದ ಬಡ್ಡಿಗೇ ಹೋಯ್ತು, ಆ ವರ್ಷ ನಿಜವಾಗಿ ಮಿತಿ ಮೀರಿ ಖರ್ಚು ಮಾಡಿದ್ದು 3 ಲಕ್ಷ ಕೋಟಿಗಿಂತ ಸ್ವಲ್ಪ ಕಮ್ಮಿ. ಒಂದು ಸರ್ಕಾರನ ಹೊಗಳೋಕೂ ತೆಗಳೋಕೂ ಮುಂಚೆ ಈ ನಂಬರ್ ನೋಡೋದು ನ್ಯಾಯ.

ತೋಟಕ್ಕೆ ಹಾಕಿದ ಸಾಲನಾ, ಬಟವಾಡೆಗೆ ಹಾಕಿದ ಸಾಲನಾ

ಸಾಲ ಮಾಡೋದೇ ತಪ್ಪು ಅನ್ನೋರಿಗೆ ನಮ್ಮೂರಲ್ಲಿ ಉತ್ತರ ಕೊಡೋದು ಸುಲಭ. ಬ್ಯಾಂಕಿಂದ ಸಾಲ ತಂದು ತೋಟದಲ್ಲಿ ಕೆರೆ ತೋಡ್ಸಿ ಸ್ಪ್ರಿಂಕ್ಲರ್ ಹಾಕ್ಸಿದ್ರೆ ಫೆಬ್ರವರಿ ಮಾರ್ಚಲ್ಲಿ ಹೂಮಳೆ ಕೈ ಕೊಟ್ರೂ ರೋಬಸ್ಟಾ ಹೂ ಅರಳುತ್ತೆ, ಫಸಲು ನಿಲ್ಲುತ್ತೆ, ಸಾಲ ಆ ಫಸಲಿಂದಾನೇ ತೀರುತ್ತೆ. ಅದೇ ಸಾಲನ ಪ್ರತಿ ವಾರ ಲೈನ್ ಮನೆಯವ್ರ ಬಟವಾಡೆಗೆ ಸುರೀತಾ ಹೋದ್ರೆ ಮುಂದಿನ ವರ್ಷ ಸಾಲ ಇರುತ್ತೆ, ಕೆರೆ ಇರಲ್ಲ. ರಾಜಸ್ವ ಕೊರತೆ ಅಂದ್ರೆ ಎರಡನೇದು, ಅದಕ್ಕೇ ಅದನ್ನ ಸೊನ್ನೆಗೆ ತರ್ಬೇಕು ಅಂತ ಕಾನೂನೇ ಇದೆ. ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ ಬಂದಿದ್ದು 2002ರಲ್ಲಿ, ಇಂಥ ಕಾನೂನು ಮಾಡಿದ ಮೊದಲ ರಾಜ್ಯ ನಮ್ದು, ಕೇಂದ್ರದ ಇಂಥದ್ದೇ ಎಫ್‌ಆರ್‌ಬಿಎಂ ಕಾಯ್ದೆ ಬಂದಿದ್ದೇ ಮುಂದಿನ ವರ್ಷ 2003ರಲ್ಲಿ. ನಮ್ಮ ಕಾನೂನು ಹೇಳೋದು ಮೂರು: ರಾಜಸ್ವ ಕೊರತೆ ಇರ್ಬಾರ್ದು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 3 ದಾಟ್ಬಾರ್ದು, ಒಟ್ಟು ಹೊಣೆಗಾರಿಕೆ ಶೇ. 25 ದಾಟ್ಬಾರ್ದು. 2004-05ರಿಂದ ಸುಮಾರು ಹದಿನೈದು ವರ್ಷ, ಯಾವ ಪಕ್ಷ ಇದ್ರೂ ಸರಿ, ರಾಜಸ್ವ ಲೆಕ್ಕ ಹೆಚ್ಚುವರಿನೇ ಇತ್ತು. ಕೋವಿಡ್ ಬಂದು ಅದು ಮುರೀತು.

ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ, ಟೀವಿ ಚರ್ಚೆಯಲ್ಲಿ ಇದನ್ನ ಯಾರೂ ಹೇಳಲ್ಲ. ಸರ್ಕಾರಿ ಲೆಕ್ಕದಲ್ಲಿ ಅನುದಾನವಾಗಿ ಕೊಟ್ಟಿದ್ದೆಲ್ಲಾ ರಾಜಸ್ವ ವೆಚ್ಚ, ಅದ್ರಿಂದ ಆಸ್ತಿ ಆದ್ರೂ ಸಹ. ಪಂಚಾಯ್ತಿಗೆ ಅನುದಾನ ಕೊಟ್ಟು ಅದ್ರಲ್ಲಿ ಕಾಂಕ್ರೀಟ್ ರಸ್ತೆ ಆದ್ರೆ ರಾಜ್ಯದ ಪುಸ್ತಕದಲ್ಲಿ ಅದು ರಾಜಸ್ವ ಖರ್ಚು, ಯಾಕಂದ್ರೆ ರಸ್ತೆ ರಾಜ್ಯದ ಆಸ್ತಿ ಅಲ್ಲ. ಮಡಿಕೇರಿ ಮೆಡಿಕಲ್ ಕಾಲೇಜ್ ಕಟ್ಟಡ ಬಂಡವಾಳ ವೆಚ್ಚ ಆದ್ರೆ ಅಲ್ಲಿ ಡ್ಯೂಟಿ ಮಾಡೋ ನರ್ಸ್ ಸಂಬಳ ರಾಜಸ್ವ ವೆಚ್ಚ, ಕಟ್ಟಡ ಇದ್ದು ನರ್ಸ್ ಇಲ್ದಿದ್ರೆ ಏನು ಪ್ರಯೋಜನ ಹೇಳಿ. ಹಾಗಾಗಿ ರಾಜಸ್ವ ಕೊರತೆ ಎಂದ ಕೂಡ್ಲೇ ಎಲ್ಲಾ ಪೋಲು ಅಂತ ತೀರ್ಮಾನ ಬೇಡ, ಒಳಗೆ ಏನಿದೆ ನೋಡ್ಬೇಕು. ಗ್ಯಾರಂಟಿ ಯೋಜನೆಗಳಿಗೆ 2025-26ರಲ್ಲಿ ಇಟ್ಟಿದ್ದು 51,034 ಕೋಟಿ, ರಾಜಸ್ವ ಕೊರತೆಗಿಂತ ಎರಡೂವರೆ ಪಟ್ಟು. ನನ್ನ ಅಭಿಪ್ರಾಯ ಕೇಳಿದ್ರೆ ಯಾವ್ದನ್ನೂ ಪೂರ್ತಿ ನಿಲ್ಲಿಸ್ಬೇಕಿಲ್ಲ, ಆದ್ರೆ ಚೆನ್ನಾಗಿ ಇರೋರ ಮನೆಗೂ ಹೋಗ್ತಿರೋದನ್ನ ತೆಗೆದ್ರೆನೇ ಕೊರತೆ ಬಹಳಷ್ಟು ಇಳಿಯುತ್ತೆ. ಹಾಗಂತ ಹೇಳೋ ನಾವು ಕಾಫಿ ತೋಟದ 10 ಎಚ್‌ಪಿ ಪಂಪ್‌ಸೆಟ್‌ಗೆ ಫ್ರೀ ಕರೆಂಟ್ ಕೊಡಿ ಅಂತ ಮನವಿ ಕೊಡೋದನ್ನೂ ಬಿಟ್ಟಿಲ್ಲ ಅನ್ನೋದು ನೆನಪಿರ್ಲಿ, ರೋಬಸ್ಟಾಗೆ ಒಳ್ಳೇ ರೇಟ್ ಬಂದ ವರ್ಷನೂ ಬಿಟ್ಟಿಲ್ಲ.

ಶೇಕಡಾ ಲೆಕ್ಕದ ಒಳಗೆ ಕ್ಯಾಲ್ಕ್ಯುಲೇಟರ್ ಇಟ್ಟು ನೋಡಿ

ಈಗ ನಂಗೆ ಇಷ್ಟವಾದ ಭಾಗ. 2024-25ರ ಬಜೆಟಲ್ಲಿ ವಿತ್ತೀಯ ಕೊರತೆ ಶೇ. 2.95. 2025-26ರಲ್ಲೂ ಶೇ. 2.95. ಒಟ್ಟು ಹೊಣೆಗಾರಿಕೆ ಮೊದಲನೇ ವರ್ಷ ಶೇ. 23.68, ಎರಡನೇ ವರ್ಷ ಶೇ. 24.91. ಸತತ ಎರಡು ವರ್ಷ ಎರಡು ದಶಾಂಶದವರೆಗೂ ಒಂದೇ ನಂಬರ್ ತಾನಾಗೇ ಬರಲ್ಲ, 3ರ ಗೆರೆ ಇಟ್ಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ ಬಜೆಟ್ ಕೂಡಿಸ್ತಾರೆ ಅಂತ ನಂಗನ್ಸುತ್ತೆ. ಅದು ಅಪರಾಧ ಏನಲ್ಲ, ಗೆರೆ ಇರೋದೇ ಅದಕ್ಕೆ. ಆದ್ರೆ ಎರಡು ಗೆರೆನೂ ಒಟ್ಟಿಗೆ ಉಳಿಸ್ಕೊಳ್ಳೋಕೆ ಆಗುತ್ತಾ ಅನ್ನೋದನ್ನ ನಾವೇ ಚೆಕ್ ಮಾಡ್ಬೋದು.

ಹೀಗೆ ಮಾಡಿ. 2025-26ರ ಹೊಣೆಗಾರಿಕೆ ಶೇ. 24.91. ಮುಂದಿನ ವರ್ಷ ರಾಜ್ಯದ ಉತ್ಪನ್ನ ಬೆಲೆ ಏರಿಕೆನೂ ಸೇರಿ ಶೇ. 10 ಬೆಳೀತು ಅಂದ್ಕೊಳ್ಳಿ. ಆಗ ಹಳೇ ಸಾಲದ ತೂಕ 24.91 ಭಾಗಿಸು 1.10, ಅಂದ್ರೆ 22.65ಕ್ಕೆ ಇಳಿಯುತ್ತೆ. ಹೊಸ ಕೊರತೆ 2.95 ಅದಕ್ಕೆ ಸೇರಿಸಿ, 25.6. ಗೆರೆ ದಾಟಿತು. ಅದೇ ಶೇ. 14 ಬೆಳೆದ್ರೆ 24.91 ಭಾಗಿಸು 1.14, 21.85, ಜೊತೆಗೆ 2.95, ಒಟ್ಟು 24.8, ಪಾಸ್. ಅಂದ್ರೆ ಕೊರತೆ 3ರ ಹತ್ತಿರ, ಸಾಲ 25ರೊಳಗೆ, ಎರಡೂ ಬೇಕು ಅಂದ್ರೆ ರಾಜ್ಯ ವರ್ಷಾ ವರ್ಷ ಶೇ. 13, 14ರ ಹತ್ತಿರ ಬೆಳೀಬೇಕು. ಶೇ. 10ರ ಬೆಳವಣಿಗೆಗೆ ಕೊರತೆ 2.3ರ ಆಸುಪಾಸಿಗೆ ಇಳೀಬೇಕು. ಮುಂದಿನ ಸಲ ಯಾರಾದ್ರೂ "ನಾವು ಕಾನೂನಿನ ಮಿತಿಯೊಳಗೇ ಇದೀವಿ" ಅಂದ್ರೆ, ಬೆಳವಣಿಗೆ ಎಷ್ಟು ಅಂತ ಅಂದಾಜು ಮಾಡಿದೀರಿ ಅಂತ ಒಂದೇ ಪ್ರಶ್ನೆ ಕೇಳಿ, ಉತ್ತರ ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿ ಇರುತ್ತೆ.

ಇನ್ನೊಂದು ವಿಷಯ, ಬಜೆಟ್ ಅಂದ್ರೆ ಅಂದಾಜು ಮಾತ್ರ. ಅದೇ ಪುಸ್ತಕದಲ್ಲಿ ಪಕ್ಕಪಕ್ಕದ ಕಾಲಂಗಳಲ್ಲಿ ಎರಡು ವರ್ಷ ಹಿಂದಿನ ನಿಜವಾದ ಲೆಕ್ಕ, ಕಳೆದ ವರ್ಷದ ಪರಿಷ್ಕೃತ ಅಂದಾಜು ಇರುತ್ತೆ, ಕಣ್ಣು ಅಲ್ಲಿ ಇಡ್ಬೇಕು. 2022-23ಕ್ಕೆ ಬಜೆಟ್‌ನಲ್ಲಿ ರಾಜಸ್ವ ಕೊರತೆ ಅಂತ ಹೇಳಿದ್ರು, ಲೆಕ್ಕ ಮುಗಿದಾಗ ಸರ್ಕಾರಿ ಲೆಕ್ಕ ಪರಿಶೋಧಿಸೋ ಸಿಎಜಿಯ ವರದಿಯಲ್ಲಿ ಬಂದಿದ್ದು 13,496 ಕೋಟಿ ಹೆಚ್ಚುವರಿ. ಅದ್ರ ಮುಂದಿನ ವರ್ಷ 2023-24ರಲ್ಲಿ 9,271 ಕೋಟಿ ಕೊರತೆ, ಮತ್ತೆ ವಿತ್ತೀಯ ಕೊರತೆ 46,623 ಕೋಟಿ ಇದ್ದಿದ್ದು 65,522 ಕೋಟಿಗೆ ಏರ್ತು. ಘೋಷಣೆ ದಿನದ ಹೆಡ್‌ಲೈನ್‌ಗಿಂತ ಒಂದೂವರೆ ವರ್ಷ ಆದ್ಮೇಲೆ ಬರೋ ಸಿಎಜಿ ವರದಿ ಮುಖ್ಯ, ಆದ್ರೆ ಅಷ್ಟೊತ್ತಿಗೆ ಯಾರಿಗೂ ಆಸಕ್ತಿ ಇರಲ್ಲ.

ಪುಸ್ತಕದಲ್ಲಿ ಕಾಣದ ಸಾಲ

ಸರ್ಕಾರಿ ಲೆಕ್ಕ ನಡೆಯೋದು ನಗದು ಮೇಲೆ, ದುಡ್ಡು ಕೈಬಿಟ್ಟಾಗ ಮಾತ್ರ ಖರ್ಚು. ಕಂಟ್ರಾಕ್ಟರ್ ಕೆಲಸ ಮುಗ್ಸಿ ಬಿಲ್ ಕೊಟ್ಟು ಎರಡು ವರ್ಷ ಆಗಿದ್ರೂ ಪಾವತಿ ಆಗಿಲ್ಲ ಅಂದ್ರೆ ಅದು ಯಾವ ಕೊರತೆಯಲ್ಲೂ ಕಾಣಲ್ಲ. ಮಾರ್ಚ್ 31ರೊಳಗೆ ಬಿಲ್ ತಡೆ ಹಿಡಿದ್ರೆ ಆ ವರ್ಷದ ಶೇಕಡಾ ಚೆನ್ನಾಗಿ ಕಾಣುತ್ತೆ ಅಷ್ಟೇ, ಕೊಡ್ಬೇಕಾದ್ದು ಎಲ್ಲೂ ಹೋಗಿರಲ್ಲ. ಹಾಗಾಗಿ ನಿಮ್ಮೂರಿನ ರಸ್ತೆ ಅರ್ಧಕ್ಕೆ ನಿಂತಿದ್ರೆ ಕೇಳ್ಬೇಕಾದ್ದು ಅನುದಾನ ಮಂಜೂರಾಗಿದ್ಯಾ ಅಂತಲ್ಲ, ಬಿಡುಗಡೆ ಆಗಿದ್ಯಾ, ಬಾಕಿ ಬಿಲ್ ಎಷ್ಟಿದೆ ಅಂತ.

ಎರಡನೇದು ಬಜೆಟ್ ಹೊರಗಿನ ಸಾಲ. ಸರ್ಕಾರದ ನಿಗಮಗಳು ತಮ್ಮ ಹೆಸರಲ್ಲಿ ಸಾಲ ಎತ್ತುತ್ವೆ, ತೀರಿಸೋದು ಮಾತ್ರ ಸರ್ಕಾರದ ದುಡ್ಡಲ್ಲಿ. ನೀರಾವರಿ ನಿಗಮಗಳಲ್ಲಿ ಇದು ಹಳೇ ಕಥೆ. ಸರ್ಕಾರ ಕೊಡೋ ಗ್ಯಾರಂಟಿಗೂ, ಇದು ಆ ಐದು ಗ್ಯಾರಂಟಿ ಅಲ್ಲ, ನಿಗಮದ ಸಾಲಕ್ಕೆ ಜಾಮೀನು ನಿಲ್ಲೋದು, ಅದಕ್ಕೂ 1999ರದ್ದೇ ಒಂದು ಮಿತಿ ಕಾನೂನು ನಮ್ಮಲ್ಲಿದೆ. ಈ ವಿಷಯದಲ್ಲಿ ದೊಡ್ಡ ಜಗಳ ನಡೀತಿರೋದು ಮಾಕುಟ್ಟ ಚೆಕ್‌ಪೋಸ್ಟ್ ದಾಟಿದ್ರೆ ಸಿಗೋ ಕೇರಳದಲ್ಲಿ. ಅಲ್ಲಿನ ಮೂಲಸೌಕರ್ಯ ನಿಧಿ ಸಂಸ್ಥೆ ಕಿಫ್ಬಿ ಎತ್ತಿದ ಸಾಲನೂ ರಾಜ್ಯದ್ದೇ ಸಾಲ ಅಂತ ಕೇಂದ್ರ ಲೆಕ್ಕ ಹಿಡಿದು ಸಾಲದ ಮಿತಿ ಕಡಿತ ಮಾಡ್ತು, ಕೇರಳ ಸುಪ್ರೀಂ ಕೋರ್ಟಿಗೆ ಹೋಯ್ತು, 2024ರ ಏಪ್ರಿಲ್‌ನಲ್ಲಿ ಕೋರ್ಟು ಮಧ್ಯಂತರ ಪರಿಹಾರ ಕೊಡದೇ ವಿಷಯನ ಸಂವಿಧಾನ ಪೀಠಕ್ಕೆ ಕಳಿಸ್ತು. ನನ್ನ ಮಟ್ಟಿಗೆ ಇದ್ರಲ್ಲಿ ಎರಡು ಕಡೆಯವ್ರೂ ಅರ್ಧ ಸರಿ. ಸಾಲನ ನಿಗಮದ ಹೆಸರಲ್ಲಿ ಅಡಗಿಸಿಡ್ಬಾರ್ದು ಅನ್ನೋದು ಸರಿ, ಆದ್ರೆ ಆ ನಿಯಮ ದಿಲ್ಲಿಗೂ ಅನ್ವಯ ಆಗ್ಬೇಕು ಅನ್ನೋದೂ ಅಷ್ಟೇ ಸರಿ.

ಯಾರ ಕೊರತೆ: ದಿಲ್ಲಿದಾ, ಬೆಂಗಳೂರಿಂದಾ

ಸಂವಿಧಾನದ 292ನೇ ವಿಧಿ ಕೇಂದ್ರ ಸಾಲ ಮಾಡೋದಕ್ಕೆ, 293 ರಾಜ್ಯ ಸಾಲ ಮಾಡೋದಕ್ಕೆ. ರಾಜ್ಯ ಕೇಂದ್ರಕ್ಕೆ ಏನಾದ್ರೂ ಸಾಲ ಬಾಕಿ ಇಟ್ಕೊಂಡಿದ್ರೆ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಬೇಕು ಅಂತ 293(3) ಹೇಳುತ್ತೆ. ಬಾಕಿ ಇಲ್ದಿರೋ ರಾಜ್ಯ ಎಲ್ಲಿದೆ? ಬಂಡವಾಳ ವೆಚ್ಚಕ್ಕೆ ಅಂತ 2020-21ರಿಂದ ಕೇಂದ್ರ ಕೊಡ್ತಿರೋ 50 ವರ್ಷದ ಬಡ್ಡಿರಹಿತ ಸಾಲ ತಗೊಂಡ ಮೇಲಂತೂ ಕಟ್ಟು ಇನ್ನೂ ಬಿಗಿ. ಹಾಗಾಗಿ ಪ್ರತಿ ವರ್ಷ ರಾಜ್ಯ ಎಷ್ಟು ಸಾಲ ಎತ್ಬೋದು ಅನ್ನೋ ಮಿತಿನ ದಿಲ್ಲಿನೇ ಹೇಳುತ್ತೆ, ಆ ಮಿತಿಯೊಳಗೆ ಆರ್‌ಬಿಐ ಸಾಮಾನ್ಯವಾಗಿ ಮಂಗಳವಾರ ಹರಾಜು ನಡ್ಸಿ ರಾಜ್ಯಗಳ ಬಾಂಡ್ ಮಾರುತ್ತೆ, ಕೊಳ್ಳೋರು ಬ್ಯಾಂಕು, ಇನ್ಶೂರೆನ್ಸ್ ಕಂಪನಿ, ಪಿಎಫ್ ನಿಧಿಗಳು. ನಿಮ್ಮ ಜೀವವಿಮೆ ಪ್ರೀಮಿಯಂ ಸುತ್ತಿ ಬಳಸಿ ಸರ್ಕಾರಕ್ಕೇ ಸಾಲ ಆಗಿ ಹೋಗಿರುತ್ತೆ ಅಂದ್ರೆ ತಪ್ಪಲ್ಲ.

ಆದಾಯದ ಕಡೆ ಬನ್ನಿ. ಆದಾಯ ತೆರಿಗೆ, ಕಾರ್ಪೊರೇಟ್ ತೆರಿಗೆ, ಕೇಂದ್ರ ಜಿಎಸ್‌ಟಿ ಎಲ್ಲಾ ಸೇರಿದ ಹಂಚಿಕೆ ಗಂಟಿನಲ್ಲಿ ರಾಜ್ಯಗಳಿಗೆ ಶೇ. 41 ಅಂತ, ಈ ಹಂಚಿಕೆ ಲೆಕ್ಕ ಹಾಕೋ ಹಣಕಾಸು ಆಯೋಗಗಳಲ್ಲಿ 15ನೇದು ಹೇಳಿತ್ತು. ಸೆಸ್ ಮತ್ತೆ ಸರ್‌ಚಾರ್ಜ್, ಅಂದ್ರೆ ಕೇಂದ್ರ ಮೇಲಿಂದ ಹಾಕೋ ಹೆಚ್ಚುವರಿ ತೆರಿಗೆ, ಆ ಗಂಟಿಗೆ ಸೇರಲ್ಲ, ದಿಲ್ಲಿಯಲ್ಲೇ ಉಳಿಯುತ್ತೆ. ಆ 41ರಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ. 4.713 ಇದ್ದಿದ್ದು 15ನೇದ್ರಲ್ಲಿ 3.647ಕ್ಕೆ ಇಳೀತು. ಕಾರಣ ಸೂತ್ರ: ತಲಾ ಆದಾಯ ಕಮ್ಮಿ ಇರೋ ರಾಜ್ಯಕ್ಕೆ ಹೆಚ್ಚು ಅನ್ನೋದಕ್ಕೆ ಶೇ. 45 ತೂಕ, ಜನಸಂಖ್ಯೆ 15, ವಿಸ್ತೀರ್ಣ 15, ಜನಸಂಖ್ಯಾ ನಿಯಂತ್ರಣ 12.5, ಕಾಡು 10, ತೆರಿಗೆ ಶ್ರಮ 2.5. ನಮ್ಮ ತಲಾ ಆದಾಯ ಏರಿದ್ದಕ್ಕೆ ನಮ್ಮ ಪಾಲು ಬಿತ್ತು. ಬಡ ರಾಜ್ಯಕ್ಕೆ ಕೊಡ್ಬಾರ್ದು ಅಂತ ಯಾರೂ ಹೇಳ್ತಿಲ್ಲ, ಆದ್ರೆ ಒಂದೇ ಸಲಕ್ಕೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದ್ರೆ ಯಾವ ಬಜೆಟ್ ತಾನೇ ತಡ್ಕೊಳ್ಳುತ್ತೆ. 2026ರ ಏಪ್ರಿಲ್‌ನಿಂದ ಐದು ವರ್ಷಕ್ಕೆ ಅರವಿಂದ ಪನಗಾರಿಯಾ ಅಧ್ಯಕ್ಷತೆಯ 16ನೇ ಆಯೋಗದ ಲೆಕ್ಕ.

ಆ ಕಾಡಿನ 10 ಇದ್ಯಲ್ಲ, ಅದು ನಮ್ಗೆ ಸಂಬಂಧಪಟ್ಟಿದ್ದು. ಅರಣ್ಯ ಸಮೀಕ್ಷೆಯವ್ರು ಸ್ಯಾಟಲೈಟಲ್ಲಿ ಮರದ ಹೊದಿಕೆ ಅಳೆಯೋವಾಗ ಜಮೀನು ಯಾರ ಹೆಸರಲ್ಲಿದೆ ಅಂತ ನೋಡಲ್ಲ, ಬ್ರಹ್ಮಗಿರಿ ಪುಷ್ಪಗಿರಿ ಕಾಡಷ್ಟೇ ಅಲ್ಲ, ನೆರಳು ಮರ ದಟ್ಟವಾಗಿರೋ ಕಾಫಿ ತೋಟನೂ ಆ ಲೆಕ್ಕಕ್ಕೆ ಬೀಳುತ್ತೆ. ಅಂದ್ರೆ ದಿಲ್ಲಿಯಿಂದ ಕರ್ನಾಟಕಕ್ಕೆ ಬರೋ ಪಾಲಿನಲ್ಲಿ ಕೊಡಗಿನ ಮರಗಳ ಪಾತ್ರನೂ ಇದೆ. ಆದ್ರೆ ಬೆಂಗಳೂರು ಜಿಲ್ಲೆಗಳಿಗೆ ಹಂಚೋವಾಗ ಇದೇ ಸೂತ್ರ ಬಳಸ್ಬೇಕು ಅಂತ ನಿಯಮ ಏನಿಲ್ಲ. ಕೇಂದ್ರದ ಮುಂದೆ "ನಮ್ಮ ತೆರಿಗೆ ನಮ್ಮ ಹಕ್ಕು" ಅನ್ನೋ ಸರ್ಕಾರನ ಜಿಲ್ಲೆಗಳು ಅದೇ ಮಾತು ಕೇಳಿದ್ರೆ ಉತ್ತರ ಏನು ಅಂತ ನಮ್ಮ ಇಬ್ರು ಶಾಸಕರು ಕೇಳ್ಬೋದು. 224ರಲ್ಲಿ ಇಬ್ರು ಅಷ್ಟೇ, ಹಾಗಂತ ಸುಮ್ನಿರ್ಬೇಕಿಲ್ಲ.

ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ, ರಾಜ್ಯಗಳು ತಮ್ಮ ತೆರಿಗೆ ದರ ತಾವೇ ನಿರ್ಧರಿಸೋ ಅಧಿಕಾರದ ದೊಡ್ಡ ಪಾಲು ಕೇಂದ್ರ, ರಾಜ್ಯ ಎರಡೂ ಇರೋ ಜಿಎಸ್‌ಟಿ ಕೌನ್ಸಿಲ್‌ಗೆ ಹೋಯ್ತು. ಅದ್ರಿಂದಾದ ನಷ್ಟಕ್ಕೆ ಕೇಂದ್ರದವ್ರು ಐದು ವರ್ಷ ಶೇ. 14 ಬೆಳವಣಿಗೆ ಲೆಕ್ಕದಲ್ಲಿ ಪರಿಹಾರ ಕೊಟ್ರು, 2022ರ ಜೂನ್‌ಗೆ ಮುಗೀತು. ಈಗ ರಾಜ್ಯದ ಕೈಯಲ್ಲಿ ತಾನೇ ಏರ್ಸ್ಬೋದಾದ್ದು ಅಂದ್ರೆ ಮದ್ಯದ ಸುಂಕ, ಪೆಟ್ರೋಲ್ ಡೀಸೆಲ್ ಮಾರಾಟ ತೆರಿಗೆ, ನೋಂದಣಿ ಮುದ್ರಾಂಕ, ವಾಹನ ತೆರಿಗೆ, ಮುಖ್ಯವಾಗಿ ಇಷ್ಟೇ. ಕೊರತೆ ಬಂದಾಗೆಲ್ಲಾ ಬಿಯರ್ ರೇಟು, ಸೈಟಿನ ಮಾರ್ಗಸೂಚಿ ದರ ಏರೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಕೃಷಿ ಆದಾಯದ ತೆರಿಗೆನೂ ಸಂವಿಧಾನದ ಪ್ರಕಾರ ರಾಜ್ಯದ್ದೇ, ಆದ್ರೆ ಅದನ್ನ ಮುಟ್ಟೋ ಧೈರ್ಯ ಯಾವ ಪಕ್ಷಕ್ಕೂ ಇಲ್ಲ, ಪ್ಲಾಂಟರ್ಸ್ ಮೀಟಿಂಗಲ್ಲಿ ನಾನೂ ಈ ವಿಷಯ ಎತ್ತಲ್ಲ.

ವಿಪತ್ತಿನ ವರ್ಷ ಏನ್ ಮಾಡ್ಬೇಕು

ನಿಯಮ ಗಟ್ಟಿ ಇರ್ಬೇಕು, ಆದ್ರೆ ಒಂದು ಬಾಗಿಲು ತೆರೆದಿರ್ಬೇಕು. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿ ಮನೆಮಠ ಹೋದಾಗ ಕೊರತೆ ಶೇಕಡಾ ನೋಡ್ಕೊಂಡು ಕೂರೋಕಾಗುತ್ತಾ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಶೇ. 75, ರಾಜ್ಯ ಶೇ. 25 ಹಾಕುತ್ತೆ, ಖರ್ಚು ಮಾಡೋಕೆ ಮಾರ್ಗಸೂಚಿ ಇದೆ. ಆಗಿನ ಮಾರ್ಗಸೂಚಿಯಲ್ಲಿ ಗುಡ್ಡಗಾಡಲ್ಲಿ ಪೂರ್ತಿ ಬಿದ್ದ ಮನೆಗೆ 1,01,900 ರೂಪಾಯಿ. ಆ ದುಡ್ಡಲ್ಲಿ ಇಲ್ಲಿ ಅಡಿಪಾಯನೂ ಏಳಲ್ಲ. ಕರ್ಣಂಗೇರಿ, ಮದೆ, ಜಂಬೂರಲ್ಲಿ ಎದ್ದ ಪುನರ್ವಸತಿ ಮನೆಗಳಿಗೆ ಉಳಿದಿದ್ದನ್ನ ರಾಜ್ಯ, ದಾನಿಗಳು ಹಾಕಿದ್ರು. ಕೇಂದ್ರದಿಂದ ಹೆಚ್ಚುವರಿ ನೆರವು ಬರೋದೂ ಸುಲಭ ಅಲ್ಲ, 2023ರ ಬರಕ್ಕೆ ಕರ್ನಾಟಕ ಕೇಳಿದ್ದು 18,171 ಕೋಟಿ, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದಿದ್ದು 3,454 ಕೋಟಿ.

ಇಲ್ಲಿ ಹಿರಿಯರು ಒಂದು ಮಾತು ಹೇಳ್ತಾರೆ, ನಮ್ದೇ ರಾಜ್ಯ ಇದ್ದಾಗ ಚೆನ್ನಾಗಿತ್ತು ಅಂತ. 1952ರಲ್ಲಿ 24 ಸದಸ್ಯರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ನಮ್ದೇ ಬಜೆಟ್, 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರಿದ್ದು. ಆ ಅಭಿಮಾನ ನಂಗೂ ಇದೆ. ಆದ್ರೆ ಕಾಫಿ, ಕರಿಮೆಣಸು, ಟೂರಿಸಂ ನಂಬ್ಕೊಂಡ ಒಂದು ಪುಟ್ಟ ರಾಜ್ಯಕ್ಕೆ 2018, 2019, 2020 ಸಾಲಾಗಿ ಮೂರು ಮಳೆಗಾಲ ಹಾಗೆ ಬಡಿದಿದ್ರೆ ತೆರಿಗೆನೂ ಬರ್ತಿರ್ಲಿಲ್ಲ, ಸಾಲ ಕೊಡೋರೂ ಇರ್ತಿರ್ಲಿಲ್ಲ. ದೊಡ್ಡ ಗಂಟಿನೊಳಗೆ ಇರೋದ್ರ ಲಾಭ ಇದು, ಒಂದು ಕಡೆ ಮುಳುಗಿದಾಗ ಇನ್ನೊಂದು ಕಡೆ ತೆರಿಗೆ ಬರ್ತಿರುತ್ತೆ. ಕೋವಿಡ್ ವರ್ಷದಲ್ಲಿ ಎಲ್ಲಾ ಕಡೆನೂ ನಿಂತು ಹೋಯ್ತು, ಆಗ ಕರ್ನಾಟಕ 2020ರಲ್ಲಿ ತನ್ನ ಕಾನೂನಿಗೇ ತಿದ್ದುಪಡಿ ತಂದು ಕೊರತೆ ಮಿತಿನ 3ರಿಂದ 5ಕ್ಕೆ ಏರಿಸ್ತು, ಕೇಂದ್ರದ ಕೊರತೆ ಜಿಡಿಪಿಯ (ದೇಶದ ಒಟ್ಟು ಉತ್ಪನ್ನದ) ಶೇ. 9.2ಕ್ಕೆ ಹೋಯ್ತು. ಬಾಗಿಲು ತೆರೆಯೋದು ತಪ್ಪಲ್ಲ. ಯಾವಾಗ ಮುಚ್ತೀವಿ ಅಂತ ತೆರೆಯೋ ದಿನವೇ ಬರೆದಿಡ್ಬೇಕು, ಇಲ್ದಿದ್ರೆ ಅದೇ ಅಭ್ಯಾಸ ಆಗುತ್ತೆ. ಕೇಂದ್ರ 2025-26ಕ್ಕೆ ಅದನ್ನ 4.4ಕ್ಕೆ ಇಳಿಸೋ ಗುರಿ ಇಟ್ಕೊಂಡಿತ್ತು, ಆದ್ರೆ 2018ರಲ್ಲಿ ಕಾಯ್ದೆಗೆ ಸೇರಿಸಿದ ಗುರಿ, 2024-25ಕ್ಕೆ ಕೇಂದ್ರದ ಸಾಲ ಜಿಡಿಪಿಯ ಶೇ. 40, ಅದು ಈಗ ಯಾರ ಬಾಯಲ್ಲೂ ಇಲ್ಲ.

ಆಮೇಲೆ ಸಾಲ ಮನ್ನಾ ಸ್ಟೈಲಲ್ಲಿ ರಾಜ್ಯಗಳನ್ನ ಕೇಂದ್ರ ಬಂದು ಉಳಿಸುತ್ತೆ ಅನ್ನೋ ನಂಬಿಕೆ ಬೆಳೀಬಾರ್ದು. ಬ್ರೆಜಿಲ್‌ನಲ್ಲಿ 1990ರ ದಶಕದಲ್ಲಿ ರಾಜ್ಯಗಳ ಸಾಲನ ಕೇಂದ್ರ ಮತ್ತೆ ಮತ್ತೆ ಹೊತ್ತು ಕೊನೆಗೆ 2000ದಲ್ಲಿ ಬಿಗಿ ಕಾನೂನು ತರ್ಬೇಕಾಯ್ತು. ನಮ್ಮಲ್ಲಿ 12ನೇ ಹಣಕಾಸು ಆಯೋಗ ಬುದ್ಧಿವಂತಿಕೆಯಿಂದ ಸಾಲ ಪರಿಹಾರಕ್ಕೆ ಷರತ್ತು ಹಾಕ್ತು, ಮೊದ್ಲು ವಿತ್ತೀಯ ಹೊಣೆಗಾರಿಕೆ ಕಾನೂನು ಮಾಡಿ, ಆಮೇಲೆ ರಿಯಾಯಿತಿ ಅಂತ. ಬಹುತೇಕ ರಾಜ್ಯಗಳು ಕಾನೂನು ಮಾಡಿದ್ದು ಹಾಗೆ.

ಇನ್ನು ನೀವು ಮಾಡ್ಬೇಕಾದ್ದು

ಮಾರ್ಚ್‌ನಲ್ಲಿ ಬಜೆಟ್ ಬಂದಾಗ ರಾಜಸ್ವ ಕೊರತೆ, ವಿತ್ತೀಯ ಕೊರತೆ, ಹೊಣೆಗಾರಿಕೆ, ಬಂಡವಾಳ ವೆಚ್ಚ, ಈ ನಾಲ್ಕನ್ನ ಡೈರಿಯಲ್ಲಿ ಬರ್ಕೊಳ್ಳಿ. ಅಧಿವೇಶನಗಳಲ್ಲಿ ಪೂರಕ ಅಂದಾಜು, ಅಂದ್ರೆ ವರ್ಷದ ಮಧ್ಯೆ ಕೇಳೋ ಹೆಚ್ಚುವರಿ ಖರ್ಚಿನ ಪಟ್ಟಿ, ಬಂದಾಗ ಖರ್ಚು ಎಷ್ಟು ಸೇರ್ತು ನೋಡಿ, ಗದ್ದಲದ ಮಧ್ಯೆ ಚರ್ಚೆನೇ ಇಲ್ದೆ ಪಾಸಾಗೋದು ಇದೇ. ಶಾಸಕರು ಸಿಕ್ಕಾಗ ನಮ್ಮೂರಿಗೆ ಏನ್ ತಂದ್ರಿ ಅನ್ನೋದ್ರ ಜೊತೆ, ಜಿಲ್ಲೆಯಲ್ಲಿ ಬಾಕಿ ಬಿಲ್ ಎಷ್ಟು ಅಂತ ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲಿ ಮಂತ್ರಿ ಬಾಯಲ್ಲೇ ಉತ್ತರ ಕೊಡ್ಬೇಕಾದ್ದು) ಹಾಕಿ ಅಂತ ಹೇಳಿ, ಸದನದಲ್ಲಿ ಕೊಟ್ಟ ಉತ್ತರ ದಾಖಲೆ ಆಗುತ್ತೆ. ಸಂಸದರಿಗೆ ಕೇಳೋ ಪ್ರಶ್ನೆ ಬೇರೆ, ಸೆಸ್ಸು, ಪಾಲು, ವಿಪತ್ತು ನಿಧಿಯ ದರ. ಅವ್ರನ್ನ ಚರಂಡಿ ಬಗ್ಗೆ ಕೇಳ್ಬೇಡಿ.

ಚರಂಡಿ ಪಂಚಾಯ್ತಿದು. ಗ್ರಾಮ ಪಂಚಾಯ್ತಿ ಸಾಲ ಮಾಡಿ ನಡೆಯಲ್ಲ, ಬರೋ ಅನುದಾನ ಮತ್ತೆ ಮನೆ ಕಂದಾಯದಲ್ಲೇ ನಡೀಬೇಕು. 2025-26ರವರೆಗಿನ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಶೇ. 60 ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟುಪಾಡು ಇತ್ತು, ಉಳಿದ 40 ಪಂಚಾಯ್ತಿ ತೀರ್ಮಾನ. ಇ-ಗ್ರಾಮಸ್ವರಾಜ್ ಪೋರ್ಟಲಲ್ಲಿ ನಿಮ್ಮ ಪಂಚಾಯ್ತಿ ಹೆಸರು ಹಾಕಿದ್ರೆ ವರ್ಷದ ಜಮೆ, ಖರ್ಚು, ಕ್ರಿಯಾ ಯೋಜನೆ ಕಾಣುತ್ತೆ, ಅದನ್ನ ಪ್ರಿಂಟ್ ತೆಗ್ದು ಗ್ರಾಮಸಭೆಗೆ ತಗೊಂಡೋಗಿ. ಮನೆ ಕಂದಾಯ ಬಾಕಿ ಇರೋರ ಪಟ್ಟಿನೂ ಕೇಳಿ, ಹೋಂಸ್ಟೇಗಳು ವಾಸದ ಮನೆ ದರದಲ್ಲಿ ಕಟ್ತಿದಾವಾ ವಾಣಿಜ್ಯ ದರದಲ್ಲಾ ಅಂತನೂ ಕೇಳಿ. ಆಗ ಸಭೆ ಸ್ವಲ್ಪ ಬಿಸಿ ಆಗುತ್ತೆ, ಕಂದಾಯ ರಸೀದಿ ನಿಮ್ದು ಜೇಬಲ್ಲಿ ಇಟ್ಕೊಂಡೇ ಹೋಗಿ.